ಒಂದು ಉಸಿರಿಗೆ ಎಷ್ಟು ಶಿವಾಯ

ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಮೂವತ್ತೊಂಬತ್ತು ತುಂಬಿದ ವರ್ಷ, ನಾನು ಮೊದಲ ಸಲ ಚಳಿಗಾಲಕ್ಕೆ ಹೆದರಿದೆ.

ನನ್ನ ತಾಯಿ ತೀರಿಕೊಂಡಾಗ ಅವರಿಗೆ ನಲವತ್ತು. ಸಂಕ್ರಾಂತಿಗೆ ಇನ್ನು ಮೂರು ದಿನ ಇತ್ತು. ಎಳ್ಳು ಹುರಿದು, ಕೊಬ್ಬರಿ ಹೆಚ್ಚಿ, ಬೆಲ್ಲ ತುಂಡು ಮಾಡಿ ಡಬ್ಬಕ್ಕೆ ತುಂಬಿಟ್ಟಿದ್ದರು. ಬೀರುವುದಕ್ಕೆ ಅವರಿರಲಿಲ್ಲ. ಅವರಿಗೆ ದಮ್ಮು. ಪ್ರತಿ ಚಳಿಗಾಲ ಬರುತ್ತಿತ್ತು, ಶಿವರಾತ್ರಿ ಹೊತ್ತಿಗೆ ಇಳಿಯುತ್ತಿತ್ತು. ಆ ವರ್ಷ ಇಳಿಯಲಿಲ್ಲ. ಆಗ ನನಗೆ ಹದಿನಾರು.

ನಾನು ಚಿಕ್ಕವಳಿದ್ದಾಗ ಒಂಟಿಕೊಪ್ಪಲಿನ ಮನೆಯಲ್ಲಿ ಅಮ್ಮ, ನಾನು ಬೆಳಿಗ್ಗೆ ಒಟ್ಟಿಗೆ ಲಿಂಗಪೂಜೆಗೆ ಕೂರುತ್ತಿದ್ದೆವು. ಪೂಜೆ ಮುಗಿದ ಮೇಲೆ ನಮ್ಮಿಬ್ಬರದೇ ಒಂದು ಆಟ ಇತ್ತು. ಎದೆ ತುಂಬ ಉಸಿರು ಎಳೆದುಕೊಂಡು, ಒಂದೇ ಉಸಿರಿಗೆ ಎಷ್ಟು ಸಲ ‘ಓಂ ನಮಃ ಶಿವಾಯ’ ಅನ್ನಬಹುದು ಎಂದು ನೋಡುವುದು. ನಾನು ಇಪ್ಪತ್ತು ದಾಟಿಸುತ್ತಿದ್ದೆ. ಅಮ್ಮ ಎಂಟಕ್ಕೋ ಒಂಬತ್ತಕ್ಕೋ ನಿಂತು, “ಸೋತ್ಬುಟ್ಟೆ ಕಣಮ್ಮ, ನೀನೇ ಗೆದ್ದೆ” ಎಂದು ನಗುತ್ತಿದ್ದರು. ನನ್ನನ್ನು ಗೆಲ್ಲಿಸಲಿಕ್ಕೆ ಬೇಕೆಂದೇ ಸೋಲುತ್ತಾರೆ ಎಂದುಕೊಂಡು ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಅವರಲ್ಲಿ ಇದ್ದದ್ದೇ ಅಷ್ಟು ಉಸಿರು ಎಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು.

ಮದುವೆಯಾಗಿ ಮಂಡಿ ಮೊಹಲ್ಲಾಕ್ಕೆ ಬಂದೆ. ಓಣಿಯ ಕಡೆಗೆ ಅಂಗಡಿ, ಹಿಂದೆ ಮನೆ. ನಮ್ಮದು ಗ್ರಂಧಿಗೆ ಅಂಗಡಿ. ಅರಿಶಿನ, ಕುಂಕುಮ, ವಿಭೂತಿ ಗಟ್ಟಿ, ಕರ್ಪೂರ, ಗಂಧದ ಚಕ್ಕೆ, ಹಿಪ್ಪಲಿ, ಜ್ಯೇಷ್ಠಮಧು, ಮದುವೆಗೂ ಸಾವಿಗೂ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದುದು ಸಾಂಬ್ರಾಣಿ. ನಮ್ಮವರು ದೇವರಿಗೆ ಒಯ್ಯುತ್ತಿದ್ದರು, ಹಿಂದಿನ ಬೀದಿಯ ಸಾಬರು ಲೋಬಾನ ಎಂದು ಕೇಳಿ ದರ್ಗಾಕ್ಕೆ ಒಯ್ಯುತ್ತಿದ್ದರು, ಚರ್ಚಿನಿಂದಲೂ ಹಬ್ಬಕ್ಕೆ ಮುಂಚೆ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಗೋಡೆ, ಹಾಸಿಗೆ, ಮಗಳ ಶಾಲೆಯ ಪುಸ್ತಕ ಎಲ್ಲಕ್ಕೂ ಅದೇ ವಾಸನೆ. ತರಗತಿಯಲ್ಲಿ ಅವಳಿಗೆ ‘ಸಾಂಬ್ರಾಣಿ’ ಎಂದೇ ಅಡ್ಡಹೆಸರು ಬಿದ್ದಿತ್ತು.

ಮನೆಯಲ್ಲಿ ನಾಲ್ಕು ಜನ. ಯಜಮಾನರು, ನಾನು, ಏಳನೇ ಕ್ಲಾಸಿನಲ್ಲಿದ್ದ ಮಗಳು, ಅತ್ತೆ. ಅತ್ತೆಗೆ ಎಪ್ಪತ್ತಾಗಿತ್ತು. ಒಂದು ದಿನ ನೆಗಡಿ ಎಂದು ಮಲಗಿದವರಲ್ಲ. ಯಾರಿಗೆ ಏನೇ ಆಗಲಿ, ಅವರ ಲೆಕ್ಕದಲ್ಲಿ ಕಾರಣ ಎರಡೇ. ಒಂದು ಶೀತ, ಇನ್ನೊಂದು ಉಷ್ಣ.

ನನ್ನ ಎದೆಯಲ್ಲಿ ಸಣ್ಣಗೆ ಸಿಳ್ಳೆ ಶುರುವಾಗಿ ಅದು ನಾಲ್ಕನೆಯ ಚಳಿಗಾಲ. ದೀಪಾವಳಿ ಕಳೆದ ಕೂಡಲೇ ಬೆಳಗಿನ ಹೊತ್ತು ಬರುತ್ತಿತ್ತು. “ಶೀತ ಕಣೆ. ಎದೇಲಿ ಕೂತ್ಕೊಂಡದೆ” ಎಂದು ಅತ್ತೆ ಮೊಸರು ಬಿಡಿಸಿದರು, ಬಾಳೆಹಣ್ಣು ಬಿಡಿಸಿದರು, ಸೌತೆಕಾಯಿ ಬಿಡಿಸಿದರು. ಊಟಕ್ಕೆ ಮೆಣಸಿನ ಸಾರು, ಸಂಜೆಗೆ ಶುಂಠಿ ಕಷಾಯ, ದೊಡ್ಡಪತ್ರೆ ಎಲೆ ಬಾಡಿಸಿ ಹಿಂಡಿದ ರಸ, ಮಲಗುವ ಮುಂಚೆ ಅಂಗಾಲಿಗೆ ಎಳ್ಳೆಣ್ಣೆ. ಯಾವುದನ್ನೂ ನಾನು ತಪ್ಪಿಸಲಿಲ್ಲ. ಇವುಗಳಿಂದ ಹಿತವಾಗುತ್ತಿದ್ದುದೂ ನಿಜ. ಇವತ್ತಿಗೂ ಬಿಟ್ಟಿಲ್ಲ.

ಅದಕ್ಕಿಂತ ಮುಖ್ಯವಾಗಿ, ತಲೆಗೆ ನೀರು ಹಾಕಿಕೊಂಡ ದಿನ ಕೂದಲಲ್ಲಿ ತೇವ ನಿಲ್ಲಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ಬಾಣಂತಿಯರಿಗೆ ಮಾಡುವ ಹಾಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಅದರ ಮೇಲೆ ಬಿದಿರಿನ ಮಂಕರಿ ಕವುಚಿ, ನನ್ನನ್ನು ಪಕ್ಕದಲ್ಲಿ ಮಲಗಿಸಿ ಕೂದಲನ್ನು ಮಂಕರಿಯ ಮೇಲೆ ಹರಡುತ್ತಿದ್ದರು. ಸಂದಿಯಿಂದ ಬರುವ ಬೆಚ್ಚಗಿನ ಹೊಗೆ ಕೂದಲ ಬುಡಕ್ಕೆ ಹೋಗುತ್ತಿತ್ತು. ಅವರ ಬೆರಳುಗಳು ಸಿಕ್ಕು ಬಿಡಿಸುತ್ತಿದ್ದವು. ತಾಯಿ ಇಲ್ಲದವಳಿಗೆ ಅದು ಎಷ್ಟು ದೊಡ್ಡ ಸುಖ ಎಂದು ಬರೆದು ತಿಳಿಸಲು ನನಗೆ ಬಾರದು.

ಆ ವರ್ಷ ಕಾರ್ತಿಕದ ಕೊನೆಯ ಸೋಮವಾರ ಬೆಳಿಗ್ಗೆ ದೇವರ ಮುಂದೆ ಕೂತು ಆ ಹಳೆಯ ಆಟ ಆಡಿ ನೋಡಿದೆ. ಹದಿಮೂರು ಬಂತು. ಇಪ್ಪತ್ತು ಬರುತ್ತಿದ್ದುದು ಹದಿಮೂರಕ್ಕೆ ಇಳಿದಿತ್ತು. ಇನ್ನು ಕೆಲವು ತಿಂಗಳಿಗೆ ನಾನೂ ನಲವತ್ತು ಮುಟ್ಟುವವಳು. ಮಗಳಿಗೆ ಇನ್ನೂ ಹನ್ನೆರಡು. ಅಮ್ಮ ಹೋದಾಗ ನನಗಾದರೂ ಹದಿನಾರಾಗಿತ್ತು. ಮನೆಯಲ್ಲಿ ಯಾರಿಗೂ ಈ ಲೆಕ್ಕ ಹೇಳಲಿಲ್ಲ. ಕೈಮುಗಿದು, ಬಾಯಿಬಿಟ್ಟು ಹರಕೆ ಕಟ್ಟಿಕೊಂಡೆ.

“ನಂಜುಂಡ, ಈ ಚಳಿಗಾಲ ದಾಟಿಸು. ಒಂದು ಮಂಡಲ, ದಿನಾ ಬೆಳಿಗ್ಗೆ ತಲೆಗೆ ನೀರು ಹಾಕ್ಕೊಂಡು ನಿಂಗೆ ಪರಿಮಳ ಒಪ್ಪಿಸ್ತೀನಿ.”

ವಿಷವನ್ನೇ ಗಂಟಲಲ್ಲಿ ತಡೆದವನಿಗೆ ನನ್ನ ಗಂಟಲಿನ ಕಷ್ಟ ಗೊತ್ತಾಗದೆ ಇರುವುದಿಲ್ಲ ಎಂಬುದು ನನ್ನ ನಂಬಿಕೆ. ಪಕ್ಕದಲ್ಲಿ ಹೂ ಬಿಡಿಸುತ್ತಿದ್ದ ಅತ್ತೆ ಕೇಳಿಸಿಕೊಂಡರು. ಯಾಕೆ ಎಂದು ಕೇಳಲಿಲ್ಲ.

ಮಂಡಲ ಎಂದರೆ ನಲವತ್ತೆಂಟು ದಿನ. ಸಂಕ್ರಾಂತಿ ಹೊತ್ತಿಗೆ ಮುಗಿಯುತ್ತದೆ. ಲಿಂಗ ಕಟ್ಟಿಕೊಂಡ ನಮಗೆ ಮುಟ್ಟಿನ ಸೂತಕ ಇಲ್ಲವಾದ್ದರಿಂದ ನಡುವೆ ಬಿಡುವ ಪ್ರಶ್ನೆಯೂ ಇರಲಿಲ್ಲ. ಮಾರನೆಯ ದಿನದಿಂದ ಐದು ಗಂಟೆಗೆ ಎದ್ದು ಬಚ್ಚಲ ಒಲೆಗೆ ಮರದ ಹೊಟ್ಟು ತುಂಬಿ, ಹಂಡೆ ಕಾಯಿಸಿ, ಸ್ನಾನ ಮಾಡಿ, ಪೂಜೆಗೆ ಕೂರುತ್ತಿದ್ದೆ. ಸಾಂಬ್ರಾಣಿ ಅಂಗಡಿಯ ಸೊಸೆ ಬೇರೆ. ಪರಿಮಳ ಎಂದರೆ ಇನ್ನೇನು. ಎಲ್ಲಕ್ಕಿಂತ ಮೇಲಿನ ದರ್ಜೆಯ ಹಾಲು ಸಾಂಬ್ರಾಣಿಯನ್ನೇ ತೆಗೆದಿಟ್ಟುಕೊಂಡು ಹಿಡಿಹಿಡಿ ಹಾಕಿದೆ. ದೇವರಿಗೆ ತೋರಿಸಿದ ಮೇಲೆ ಅದೇ ಕೆಂಡದ ಮೇಲೆ ಮಂಕರಿ, ಮಂಕರಿಯ ಮೇಲೆ ಕೂದಲು. ವಾರಕ್ಕೊಮ್ಮೆ ಆಗುತ್ತಿದ್ದುದು ಈಗ ದಿನವೂ ಆಗತೊಡಗಿತು.

ಪೂಜೆಯ ಕೊನೆಗೆ ಪ್ರತಿದಿನ ಎಣಿಸುತ್ತಿದ್ದೆ. ಮೊದಲ ವಾರ ಹದಿಮೂರು, ಹನ್ನೆರಡು. ಎರಡನೆಯ ವಾರ ಒಂಬತ್ತು. ಒಂಬತ್ತು ಎಂದಾಗ ಅಮ್ಮನ ಲೆಕ್ಕ ನೆನಪಾಗಿ ಮಾರನೆಯ ದಿನ ಸಾಂಬ್ರಾಣಿ ಇನ್ನೂ ಸ್ವಲ್ಪ ಹೆಚ್ಚು ಹಾಕಿದೆ. ಏಳು ಬಂತು.

ಮುಚ್ಚಿಡುವುದರಲ್ಲಿ ನಾನು ಜಾಣೆ. ಮೆಟ್ಟಿಲ ನಡುವೆ ನಿಂತರೆ ಸೆರಗಿನ ತುದಿ ನೋಡಿಕೊಳ್ಳುವುದು, ಅಂಗಡಿಗೆ ಕಾಫಿ ಒಯ್ಯುವಾಗ ಬಾಗಿಲಲ್ಲಿ ಲೋಟ ಇಟ್ಟು ಜಡೆ ಬಿಗಿದುಕೊಳ್ಳುವುದು. ಯಜಮಾನರಿಗೆ ಏನೂ ತಿಳಿಯಲಿಲ್ಲ. ಮಗಳು ಮಾತ್ರ ಒಂದು ದಿನ ಚಪಾತಿ ತಿನ್ನುತ್ತಾ, “ಅಮ್ಮ, ನೀನು ಪಾತ್ರೆ ತೊಳೆಯೋವಾಗ ಹಾಡೋದು ಬಿಟ್ಬುಟ್ಟಿದೀಯ” ಎಂದಳು.

“ಹಾಡಿದ್ರೆ ಸೋಪು ಬಾಯಿಗೋಗತ್ತೆ” ಎಂದೆ.

“ಮುಂಚೆ ಹೋಗ್ತಿರ್ಲಿಲ್ವಾ?”

ನಾನು ಅವಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ.

ಹರಕೆಯ ಇಪ್ಪತ್ತೇಳನೆಯ ದಿನ. ಧನುರ್ಮಾಸದ ಮಂಜು ಹತ್ತು ಗಂಟೆಯಾದರೂ ಬಿಟ್ಟಿರಲಿಲ್ಲ. ಒಗೆದ ಬಟ್ಟೆಯ ಬಕೆಟ್ ಹಿಡಿದು ಹಿಂದಿನ ತಾರಸಿಗೆ ಹತ್ತುತ್ತಿದ್ದೆ. ಹನ್ನೊಂದು ಮೆಟ್ಟಿಲು. ಎಂಟನೆಯದರಲ್ಲಿ ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಬಕೆಟ್ ಕೈಬಿಟ್ಟು ಉರುಳಿತು. ಒದ್ದೆ ಬಟ್ಟೆಯ ಮೇಲೆಯೇ ಕೂತುಬಿಟ್ಟೆ.

ಪಕ್ಕದ ಮನೆಯ ಮಹಡಿಯಲ್ಲಿ ಒಬ್ಬ ಕ್ರಿಶ್ಚಿಯನ್ ಹೆಂಗಸು ಇದ್ದರು. ಆಸ್ಪತ್ರೆಯಲ್ಲಿ ನರ್ಸಾಗಿ ರಿಟೈರ್ ಆದವರು. ಓಣಿಗೆಲ್ಲ ಅವರು ಸಿಸ್ಟರಮ್ಮ. ಅವರ ಮನೆಯ ಹಿಂದಿನ ತಗ್ಗು ತಾರಸಿಗೂ ನಮ್ಮದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ಬಕೆಟ್ ಉರುಳಿದ ಸದ್ದಿಗೆ ಇಣುಕಿದವರು, ಆ ವಯಸ್ಸಿನಲ್ಲಿ ಗೋಡೆ ದಾಟಿ ಬಂದರು.

“ಮಾತಾಡ್ಬೇಡಿ. ಮುಂದಕ್ಕೆ ಬಗ್ಗಿ, ಮೊಣಕೈ ಮಂಡಿ ಮೇಲಿಡಿ. ಹಾಂ. ಈಗ ನಿಮ್ಮ ಮುಂದೆ ಒಂದು ದೀಪ ಇದೆ ಅಂದ್ಕೊಳ್ಳಿ. ತುಟಿ ಸಣ್ಣ ಮಾಡ್ಕೊಂಡು ಊದಿ. ದೀಪ ಬಾಗ್ಬೇಕು, ಆರ್ಬಾರ್ದು. ನಿಧಾನ. ಆರಿಸ್ಬುಟ್ರಿ ನೋಡಿ. ಇನ್ನೊಂದ್ಸಲ.”

ಎಷ್ಟು ದೀಪ ಆರಿಸಿದೆನೋ. ಕೊನೆಗೆ ಒಂದು ಬಾಗಿ ನಿಂತಿತು. ಉಸಿರು ಸಣ್ಣ ದಾರದ ಹಾಗೆ ಹೊರಗೆ ಬಂತು. ಸಿಸ್ಟರಮ್ಮ ನನ್ನ ಬೆನ್ನಿನ ಮೇಲೆ ಕೈಯಿಟ್ಟೇ ಕೂತಿದ್ದರು.

“ಈಗ ಒಂದೇ ಉಸಿರಿಗೆ ಒಂದು, ಎರಡು ಅಂತ ಎಣಿಸಿ. ಆಸ್ಪತ್ರೇಲಿ ಹೀಗೇ ನೋಡೋದು, ಎಷ್ಟು ಕೆಟ್ಟಿದೆ ಅಂತ.”

ನನಗೆ ಆಶ್ಚರ್ಯವಾಯಿತು. ನಮ್ಮ ಆಟ ಆಸ್ಪತ್ರೆಯಲ್ಲೂ ಇದೆ. “ಶಿವಾಯ ಅಂತ ಎಣಿಸ್ಲಾ?” ಎಂದೆ.

“ಯಾರ ಹೆಸರಲ್ಲಾದ್ರೂ ಎಣಿಸ್ಕೊಳ್ಳಿ. ಸಂಖ್ಯೆ ಹೇಳಿ ಸಾಕು.”

ನಾಲ್ಕು ಬಂತು. ನನ್ನ ತಲೆ ಅವರ ಭುಜಕ್ಕೆ ತಗುಲಿತ್ತು. ಒಮ್ಮೆ ಮೂಸಿದರು.

“ಇದೇನು, ತಲೆನ ಹೊಗೆಗೆ ಹಿಡೀತೀರಾ?”

“ದಿನಾ. ಶೀತ ಆಗ್ಬಾರ್ದು ಅಂತ.”

“ಯಾವಾಗಿಂದ ಜಾಸ್ತಿ ಆಯ್ತು ದಮ್ಮು?”

ದಿನ ಲೆಕ್ಕ ಹಾಕಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಕೇಳಿಸಿತು.

ಮಧ್ಯಾಹ್ನ ಅವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎದೆ, ಬೆನ್ನು ಎರಡೂ ಕಡೆ ಕೇಳಿದರು. ಬಾಯಿಗೆ ಊದಿಕೊಳ್ಳುವ ಪಂಪು ಬರೆದರು. ಹೇಗೆ ಎಳೆದುಕೊಳ್ಳಬೇಕು ಎಂದು ಮೂರು ಸಲ ಮಾಡಿಸಿದರು. ಪಂಪು ಹಿಡಿದರೆ ಬಿಡುವುದಕ್ಕೆ ಆಗುವುದಿಲ್ಲ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು, ಅದು ನಿಜವಾ ಎಂದು ಕೇಳಿಯೂಬಿಟ್ಟೆ. “ಕನ್ನಡಕ ಹಾಕ್ಕೊಂಡೋರು ಬಿಡ್ತಾರಾ? ಬೇಕಾದಷ್ಟು ದಿನ ಬೇಕು. ಅದಕ್ಯಾಕೆ ಹೆದರಿಕೆ” ಎಂದರು. ಆಮೇಲೆ ಹೊಗೆಯ ವಿಷಯ ಹೇಳಿದರು. ಸಾಂಬ್ರಾಣಿ, ಊದುಬತ್ತಿ, ಬಚ್ಚಲ ಒಲೆ, ಮೂರರಿಂದಲೂ ದೂರ ಇರಬೇಕು. ಔಷಧಿ ತಪ್ಪಿಸಬಾರದು. ಹಾಗಿದ್ದರೆ ಚಳಿಗಾಲ ದಾಟುವುದು ಕಷ್ಟವಲ್ಲ.

ದಾಟುವುದು ಕಷ್ಟವಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಸಂತೋಷ ಆಗಬೇಕಿತ್ತು. ನನಗೆ ಕಂಡದ್ದು ಉಳಿದ ಇಪ್ಪತ್ತೊಂದು ದಿನ. ದೇವರಿಗೆ ಕೊಟ್ಟ ಮಾತು. ಉಸಿರು ಕೊಡು ಎಂದು ಕಟ್ಟಿಕೊಂಡ ಹರಕೆಯೇ ಉಸಿರು ಕಟ್ಟಿಸುತ್ತಿದೆ ಎಂದರೆ ನಾನು ಏನು ಮಾಡಬೇಕು. ಮುಂದುವರಿಸಿದರೆ ಅಮ್ಮನ ದಾರಿ. ಬಿಟ್ಟರೆ, ಮಾತು ತಪ್ಪಿದವಳ ಉಸಿರನ್ನು ಅವನು ಯಾಕೆ ಉಳಿಸಬೇಕು.

ದಾರಿಯಲ್ಲಿ ಬರುತ್ತಾ ಸಿಸ್ಟರಮ್ಮನಿಗೆ ಎಲ್ಲ ಹೇಳಿದೆ. ಅಮ್ಮನ ವಯಸ್ಸನ್ನೂ ಹೇಳಿದೆ. ಮದುವೆಯಾದ ಮೇಲೆ ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಅವರು ನಡಿಗೆ ನಿಧಾನ ಮಾಡಿದರು. “ನಮ್ಮ ಚರ್ಚಲ್ಲೂ ಧೂಪ ಹಾಕ್ತಾರೆ ಕಣಮ್ಮ. ನಿಮ್ಮ ಅಂಗಡಿದೇ. ನಂಗೂ ಆಗಲ್ಲ. ಹಬ್ಬದ ದಿನ ಬಾಗಿಲ ಹತ್ರ ಕೊನೇ ಬೆಂಚಲ್ಲಿ ಕೂರ್ತೀನಿ.”

“ನಿಮ್ಮ ಫಾದರ್ರು ಏನೂ ಅನ್ನಲ್ವಾ?”

“ಅವರಿಗೂ ಕೆಮ್ಮು ಬರತ್ತೆ. ಅವರು ಓಡಿಹೋಗೋ ಹಂಗಿಲ್ಲ, ನಾನು ಹೋಗಬೌದು. ಅಷ್ಟೇ ವ್ಯತ್ಯಾಸ.” ಆಮೇಲೆ ನಿಧಾನವಾಗಿ, “ಬಾಗಿಲ ಹತ್ರ ಕೂತ್ರೂ ಅವನಿಗೆ ನಾನು ಕಾಣಿಸ್ತೀನಿ” ಎಂದರು.

ಅವರಿಗೆ ದೂರ ಸರಿದು ಕೂರಲು ಕೊನೆಯ ಬೆಂಚು ಇದೆ. ನನಗೆ ಹರಕೆ ಇತ್ತು. ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. ಅವರಿಗೆ ಹೇಳುವುದೇ ದೊಡ್ಡ ಕಷ್ಟ. ಮಂಕರಿ ಇಟ್ಟವರು ಅವರು. ನಿಮ್ಮ ಕೈಯಿಂದಲೇ ಹೀಗಾಯಿತು ಎಂದು ಯಾವ ಬಾಯಲ್ಲಿ ಹೇಳುವುದು. ನಾನು ತಡವರಿಸುತ್ತಿದ್ದಾಗ ಹಿಂದೆಯೇ ಬಂದಿದ್ದ ಸಿಸ್ಟರಮ್ಮ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು.

ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು.

“ಎಷ್ಟು ದಿನದಿಂದ ಮುಚ್ಚಿಟ್ಟಿದೀಯ?”

“ಬಹಳ ದಿನ ಅತ್ತೆ.”

“ನಾನೇ ಅಲ್ವಾ ಕೆಂಡ ತಂದಿಡ್ತಿದ್ದದ್ದು. ನಂಗೊಂದು ಮಾತು ಹೇಳಕ್ಕೇನಾಗಿತ್ತು?”

“ನಿಮ್ಮ ಕೈ ತಲೆ ಮೇಲಿರ್ತಿತ್ತಲ್ಲ, ಅದಕ್ಕೆ ಹೇಳ್ಲಿಲ್ಲ.”

ಅವರು ಎದ್ದು ಒಳಗೆ ಹೋದರು. ಸಿಟ್ಟೋ ಬೇಸರವೋ ತಿಳಿಯಲಿಲ್ಲ. ಮರದ ಪೆಟ್ಟಿಗೆ ತೆಗೆದ ಸದ್ದಾಯಿತು. ಹೊರಗೆ ಹೋಗುವ ಸೀರೆ ಉಟ್ಟು, ಚೀಲ ಹಿಡಿದು ಬಂದರು. “ಮಾರ್ಕೆಟ್ಗೋಗ್ಬತ್ತೀನಿ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಒಬ್ಬರೇ ಹೊರಗೆ ಹೋಗಿ ಅವರಿಗೆ ಎರಡು ವರ್ಷ ಆಗಿತ್ತು. ಮಗಳನ್ನು ಹಿಂದೆ ಓಡಿಸಿದೆ.

ಒಂದೂವರೆ ಗಂಟೆಯ ಮೇಲೆ ಇಬ್ಬರೂ ಆಟೋದಲ್ಲಿ ಬಂದರು. ಮಗಳ ಎರಡು ಕೈಯಲ್ಲಿ ಎರಡು ಮಣ್ಣಿನ ಕುಂಡ. ಎರಡರಲ್ಲೂ ಮರುಗದ ಗಿಡ. ಅತ್ತೆಯ ಚೀಲದಲ್ಲಿ ಇನ್ನಷ್ಟು ಮರುಗ, ಪಚ್ಚೆತೆನೆ, ಸೇವಂತಿಗೆ. ಜಗಲಿಯ ಮೇಲೆ ಕೂತು, ಒಂದು ಎಳೆ ಮರುಗ ಚಿವುಟಿ, ಅಂಗೈಯಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದರು.

“ಏನು ವಾಸನೆ ಬಂತು?”

“ಮರುಗದ್ದು.”

“ಚೆನ್ನಾಗದೋ ಇಲ್ವೋ?”

“ಚೆನ್ನಾಗಿದೆ.”

“ಎದೆ ಕಟ್ತಾ?”

“ಇಲ್ಲ.”

“ನೀನು ಹರಕೆ ಕಟ್ಕೊಂಡಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕಿವಿ ಇನ್ನೂ ಸರಿಯಾಗದೆ ನಂಗೆ. ಸಾಂಬ್ರಾಣಿ ಹಾಕ್ತೀನಿ ಅಂದ್ಯಾ? ಧೂಪ ಹಾಕ್ತೀನಿ ಅಂದ್ಯಾ? ಪರಿಮಳ ಒಪ್ಪಿಸ್ತೀನಿ ಅಂದೆ.”

“ಪರಿಮಳ ಅಂದ್ರೆ ಸಾಂಬ್ರಾಣಿನೇ ಅಲ್ವಾ ಅತ್ತೆ?”

“ಅದು ನಿನ್ನ ಗಂಡನ ಅಂಗಡಿಲಿ. ನಂಜುಂಡನ ಮನೇಲಿ ಪರಿಮಳ ಅಂದ್ರೆ ಪರಿಮಳ.”

ನಾನು ಅಲ್ಲೇ ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಎದೆ ಕಟ್ಟುತ್ತದೆ, ಅಳಬೇಡ ಎಂದು ಸಿಸ್ಟರಮ್ಮ ಗದರಿದರು. ಅತ್ತೆ ನನ್ನ ಕಡೆ ನೋಡದೆ ಮರುಗದ ಕಡ್ಡಿಗಳನ್ನು ಎಳೆಯದು, ಬಲಿತದ್ದು ಎಂದು ಬೇರೆ ಮಾಡುತ್ತಾ, “ತಲೆಗೆ ನೀರು ಅಂತಲೂ ಅಂದಿದೀಯ. ಅದನ್ನ ತಪ್ಪಿಸೋ ಹಂಗಿಲ್ಲ. ನೆತ್ತಿ ಮೇಲೆ ಮೂರು ಸಲ ಪ್ರೋಕ್ಷಣೆ ಮಾಡ್ಕೊ, ಅದೂ ನೀರೇ” ಎಂದರು. ಅಷ್ಟು ಹೊತ್ತಿನಲ್ಲಿ ಅವರು ಎಲ್ಲವನ್ನೂ ಯೋಚಿಸಿ ಮುಗಿಸಿದ್ದರು.

ಸಂಜೆ ಯಜಮಾನರಿಗೆ ವಿಷಯ ತಿಳಿಯಿತು. ಪಂಪನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ, “ಸಾಂಬ್ರಾಣಿ ಅಂಗಡಿಯೋನ ಹೆಂಡ್ತಿಗೆ ಸಾಂಬ್ರಾಣಿ ಆಗಲ್ಲ ಅಂದ್ರೆ ಗಿರಾಕಿಗಳು ಏನಂತಾರೆ ಕಣೇ” ಎಂದರು.

“ಸಕ್ಕರೆ ಕಾಯಿಲೆ ಇರೋ ಮಿಠಾಯಿ ಅಂಗಡಿಯೋರಿಲ್ವೇನ್ರೀ?” ಎಂದೆ.

ನಕ್ಕರು. ಆದರೆ ಮಾರನೆಯ ದಿನ ಅಂಗಡಿಯ ಸಾಂಬ್ರಾಣಿ ಡಬ್ಬಗಳೆಲ್ಲ ಮನೆಯ ಗೋಡೆಯಿಂದ ಬೀದಿಯ ಕಡೆಯ ಗೋಡೆಗೆ ಹೋದವು. ವಾರದೊಳಗೆ ಬಚ್ಚಲ ಒಲೆಗೆ ತಗಡಿನ ಕೊಳವೆ ಬಂತು. ಹಂಡೆಗೆ ಉರಿ ಹಾಕುವ ಕೆಲಸವನ್ನು ತಾವೇ ವಹಿಸಿಕೊಂಡರು. ಮೊದಲ ದಿನ ಹೊಟ್ಟು ತುಂಬಲು ಬಾರದೆ ಮನೆಯೆಲ್ಲ ಹೊಗೆ ಮಾಡಿದ್ದಕ್ಕೆ, ನಾನು, ಅತ್ತೆ, ಮಗಳು ಮೂವರೂ ಬೀದಿಯಲ್ಲಿ ಶಾಲು ಹೊದ್ದು ನಿಂತಿದ್ದೆವು. “ಏನಮ್ಮ, ಮನೆ ಖಾಲಿ ಮಾಡ್ತಿದೀರಾ?” ಎಂದು ಹಾಲಿನವರು ಕೇಳಿದರು. “ಇಲ್ಲಪ್ಪ, ನಮ್ಮ ಮಗ ನೀರು ಕಾಯಿಸ್ತಾವ್ನೆ” ಎಂದರು ಅತ್ತೆ.

ಆಮೇಲಿನ ದಿನಗಳು ಹೀಗಿದ್ದವು. ಬೆಳಿಗ್ಗೆ ಮುಖ ತೊಳೆದ ಕೂಡಲೇ ಪಂಪು, ಬಾಯಿ ಮುಕ್ಕಳಿಸುವುದು. ಕತ್ತಲಲ್ಲಿ ಓಡಾಟ ಇಲ್ಲ. ಮೂಗು ಮುಚ್ಚುವ ಹಾಗೆ ಹತ್ತಿಯ ಶಾಲು. ಕುಡಿಯುವುದಕ್ಕೆ ಬಿಸಿನೀರು. ವಾರಕ್ಕೊಮ್ಮೆ ಮಾತ್ರ ಪೂರ್ತಿ ತಲೆಸ್ನಾನ, ಅದೂ ಹನ್ನೊಂದು ಗಂಟೆಗೆ. ಕೂದಲು ಒಣಗಿಸಲು ತಾರಸಿಯ ಬಿಸಿಲು. ಅತ್ತೆ ಹನ್ನೊಂದು ಮೆಟ್ಟಿಲು ಹತ್ತಿ ಬಂದು, ಹಿಂದೆ ಮಣೆಯ ಮೇಲೆ ಕೂತು ಮೊದಲಿನ ಹಾಗೇ ಸಿಕ್ಕು ಬಿಡಿಸುತ್ತಿದ್ದರು. ಹೊಗೆ ಹೋಯಿತು, ಬೆರಳು ಉಳಿಯಿತು. ನನಗೆ ಬೇಕಾಗಿದ್ದುದು ಬೆರಳೇ. ಮಂಕರಿಯನ್ನು ಮಗಳು ಬೆಕ್ಕಿನ ಮರಿಗೆ ಮನೆ ಮಾಡಿದಳು.

ನಾಲ್ಕು ಗಂಟೆಗೆ ಸಿಸ್ಟರಮ್ಮ ಬಂದು ಬನ್ನಿಮಂಟಪದ ಮೈದಾನದ ಕಡೆ ನಡೆಸಿಕೊಂಡು ಹೋಗುತ್ತಿದ್ದರು. ಮೊದಲ ದಿನ ಮೂಲೆಯ ಹುಣಸೆಮರದವರೆಗೆ. ನಿಂತರೆ, ನಿಂತದ್ದಕ್ಕೆ ನೆಪ ಹುಡುಕಬಾರದು ಎಂಬುದು ಅವರ ಷರತ್ತು. “ಜಡೆ ಕಟ್ಟೋ ನಾಟಕ ನನ್ನ ಹತ್ರ ಬೇಡ. ಸುಸ್ತಾಯ್ತು ಅಂತ ಬಾಯ್ಬಿಟ್ಟು ಹೇಳಿ.” ಸುಸ್ತಾಯಿತು ಎಂದು ಬಾಯಿಬಿಟ್ಟು ಹೇಳುವುದನ್ನು ನಾನು ಕಲಿತದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಮನೆಯಲ್ಲೂ ಹೇಳತೊಡಗಿದೆ. ಹೇಳಿದ ಕೂಡಲೇ ಯಾರಾದರೂ ಕೈಯಲ್ಲಿದ್ದುದನ್ನು ತೆಗೆದುಕೊಳ್ಳುತ್ತಿದ್ದರು. ಇಷ್ಟು ಸುಲಭವಾಗಿತ್ತು, ಇಷ್ಟು ವರ್ಷ ಯಾಕೆ ಕೇಳಲಿಲ್ಲವೋ.

ಎಣಿಕೆ ಏರಿತು. ನಾಲ್ಕರಿಂದ ಆರು, ಎಂಟು. ನಡುವೆ ಒಂದು ದಿನ ಓಣಿಯಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದಕ್ಕೆ ಎಣಿಕೆ ಮತ್ತೆ ಐದಕ್ಕೆ ಬಿತ್ತು. ಎರಡು ದಿನ ಹಾಸಿಗೆ ಹಿಡಿದೆ. ಆಗ ಅಮ್ಮನ ನೆನಪು ಬಹಳ ಬಂತು. ಕೊನೆಯ ವಾರ ಅವರನ್ನು ಅಡಿಗೆಮನೆಯಲ್ಲಿ, ಸೌದೆ ಒಲೆಯ ಪಕ್ಕ ಮಲಗಿಸಿದ್ದರು. ಮನೆಯಲ್ಲಿ ಬೆಚ್ಚಗಿನ ಜಾಗ ಅದೊಂದೇ. ನಾನೇ ಊದುಕೊಳವೆಯಲ್ಲಿ ಊದಿ ಒಲೆ ಆರದ ಹಾಗೆ ನೋಡಿಕೊಂಡಿದ್ದೆ. ಸಂಜೆ ಸಾಂಬ್ರಾಣಿ ಹಾಕಿ ಹಾಸಿಗೆಯ ಸುತ್ತ ತೋರಿಸುತ್ತಿದ್ದೆ. ಅಮ್ಮ ಕೈಸನ್ನೆಯಲ್ಲಿ ಸಾಕು ಎನ್ನುತ್ತಿದ್ದರು. ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಇದನ್ನು ಅತ್ತೆಗೆ ಹೇಳಿದೆ. ಅವರು ಎಳ್ಳೆಣ್ಣೆ ಹಚ್ಚುತ್ತಿದ್ದ ಕೈ ನಿಲ್ಲಿಸದೆ, “ಹದಿನಾರರ ಹುಡುಗಿಗೆ ಏನು ಗೊತ್ತಿತ್ತು ಕಣೆ? ಎಪ್ಪತ್ತರ ಮುದುಕಿಗೇ ಗೊತ್ತಿರಲಿಲ್ಲ” ಎಂದರು. ಅಷ್ಟೇ. ಇಪ್ಪತ್ತಮೂರು ವರ್ಷದಿಂದ ಎಲ್ಲಿ ಕೂತಿತ್ತೋ ಅದು, ಆವತ್ತು ಎದ್ದು ಹೋಯಿತು.

ನಲವತ್ತೆಂಟನೆಯ ದಿನ ಮರುಗದ ಮಾಲೆ ಕಟ್ಟಿ ನಂಜುಂಡನಿಗೆ ಒಪ್ಪಿಸಿದೆ. ಅತ್ತೆಯ ದೇವರಮನೆಯಲ್ಲಿ ಹೊಗೆಯಿಲ್ಲದೆ ಮುಗಿದ ಮೊದಲ ಹರಕೆ. ಸಂಕ್ರಾಂತಿಯ ದಿನ ಮಗಳ ಜೊತೆ ನಾನೂ ಎಳ್ಳು ಬೀರಲು ಹೊರಟೆ. ಸಿಸ್ಟರಮ್ಮನ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ನಡುವೆ ಒಮ್ಮೆ ನಿಂತು, “ಸುಸ್ತಾಯ್ತು” ಎಂದು ಮೇಲಕ್ಕೆ ಕೇಳುವ ಹಾಗೆ ಹೇಳಿದೆ. “ನಿಧಾನ ಬನ್ನಿ, ಎಳ್ಳೇನೂ ಹಳಸಲ್ಲ” ಎಂದು ಮೇಲಿನಿಂದ ಉತ್ತರ ಬಂತು.

ಅಮ್ಮ ಬೀರದೆ ಹೋದ ಎಳ್ಳು ಎಂದು ಮನಸ್ಸಿನಲ್ಲೇ ಅಂದುಕೊಂಡು ಅವರ ಕೈಗೆ ಕೊಟ್ಟೆ.

ಆ ವರ್ಷ ನಲವತ್ತಾಯಿತು. ಅದರ ಮರುವರ್ಷ ನಲವತ್ತೊಂದು. ಅಮ್ಮನಿಗಿಂತ ದೊಡ್ಡವಳಾದ ದಿನ ವಿಚಿತ್ರವಾಗಿತ್ತು, ಅವರಿಗೆ ನಾನೇ ಅಕ್ಕನಾದ ಹಾಗೆ. ಎರಡು ಸಾವಿರದ ಇಸವಿಯ ಆಚೆ ಗ್ಯಾಸ್ ಗೀಸರ್ ಬಂತು, ಹಂಡೆಯನ್ನು ಪಾತ್ರೆ ಅಂಗಡಿಗೆ ಕೊಟ್ಟೆವು. ಪಂಪು ಇದೆ, ಚಳಿಗಾಲಕ್ಕೆ ಮುಂಚೆ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬರುವುದೂ ಇದೆ. ದಮ್ಮು ಪೂರ್ತಿ ಹೋಗಿಲ್ಲ, ಹೋಗುತ್ತದೆ ಎಂದು ಯಾರೂ ಹೇಳಿಲ್ಲ. ಅದಕ್ಕೂ ನನಗೂ ಒಂದು ಹೊಂದಾಣಿಕೆ ಆಗಿದೆ. ಆ ಎರಡು ಕುಂಡದ ಮರುಗ ಕಡ್ಡಿ ಚುಚ್ಚಿ ಚುಚ್ಚಿ ಈಗ ತಾರಸಿಯ ಗೋಡೆಯುದ್ದಕ್ಕೂ ಇದೆ. ಅತ್ತೆ ಹೋದಾಗ ಅವರ ಪಾದದ ಹತ್ತಿರ ಇಟ್ಟದ್ದೂ ಅದನ್ನೇ.

ಮಗಳು ಕಾಲೇಜಿಗೆ ಹೋಗುತ್ತಿದ್ದಾಗಿನ ಒಂದು ಧನುರ್ಮಾಸ. ಬೆಳಿಗ್ಗೆ ಪೂಜೆ ಮುಗಿಸಿ ಇಬ್ಬರೂ ಕೂತಿದ್ದೆವು. ಈ ಆಟವನ್ನು ಅವಳಿಗೂ ಕಲಿಸಿದ್ದೆ. ಅವಳು ಹದಿನೆಂಟಕ್ಕೆ ನಿಂತಳು. ನಾನು ಉಸಿರು ಎಳೆದುಕೊಂಡು ಶುರು ಮಾಡಿದೆ. ಹದಿನೈದು, ಹದಿನಾರು, ಹದಿನೇಳು. ಅವಳು ಕಣ್ಣು ಬಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಿದೆ.

“ಸೋತ್ಬುಟ್ಟೆ ಕಣಮ್ಮ, ನೀನೇ ಗೆದ್ದೆ.”

“ಸುಳ್ಳು. ಬೇಕು ಅಂತಾನೇ ಸೋತೆ ನೀನು” ಎಂದು ಅವಳು ಸಿಟ್ಟು ಮಾಡಿಕೊಂಡಳು.

ಎದೆಯಲ್ಲಿ ಇನ್ನೂ ಎರಡು ಶಿವಾಯಕ್ಕಾಗುವಷ್ಟು ಉಸಿರು ಮಿಕ್ಕಿತ್ತು. ಅದನ್ನು ನಿಧಾನವಾಗಿ, ದೀಪ ಆರದ ಹಾಗೆ ಬಿಟ್ಟೆ.